ಜಿಪ್ಪಕ್ಕನ ಎರಡನೇ ಸಲದ ಮಾತ್ರೆ

ಹಳೇ ಪ್ಯಾಂಟುಗಳಿಗೆ ಜಿಪ್ ಹಾಕಿಕೊಡುತ್ತಿದ್ದ ಅವಳನ್ನು ಓಣಿಯವರೆಲ್ಲ ಜಿಪ್ಪಕ್ಕ ಎನ್ನುತ್ತಿದ್ದರು. ಮೂರು ತಿಂಗಳು ಮಾತ್ರೆ ನುಂಗಿ, ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವಾಸಿ ಮಾಡಿಕೊಂಡಿದ್ದಳು. ನಶೆಯ ಸೂಜಿ ಮಾತ್ರ ಬಿಟ್ಟಿರಲಿಲ್ಲ. ತಮ್ಮನಿಗೂ ಅದೇ ಚಟ.

ವರ್ಷದ ಮೇಲೆ ರಕ್ತ ಪರೀಕ್ಷೆಯಲ್ಲಿ ವೈರಸ್ ಮತ್ತೆ ಕಾಣಿಸಿತು.

“ವಾಸಿಯಾಗಿತ್ತಲ್ಲ! ಬೇರೆಯವರ ಸೂಜಿ ಮುಟ್ಟಲ್ಲ ನಾನು,” ಎಂದು ನರ್ಸ್ ಮೇಲೆ ರೇಗಿದಳು.

“ವಾಸಿಯಾದ್ರೂ ಮತ್ತೆ ಅಂಟುತ್ತೆ. ಸೂಜಿ ಒಂದೇ ಅಲ್ಲ, ನೀರಿಂದಲೂ ಬರುತ್ತೆ. ನಶೆ ಪುಡಿ ಕಲಸೋ ನೀರು ಯಾರದು?”

ಅಕ್ಕ-ತಮ್ಮ ಒಂದೇ ಲೋಟಕ್ಕೆ ಸಿರಿಂಜ್ ಅದ್ದುತ್ತಿದ್ದರು.

ಮನೆಗೆ ಬಂದು ತಮ್ಮನಿಗೆ ಗೋಗರೆದಳು. “ನೀನೂ ಬಾರೋ, ಒಟ್ಟಿಗೇ ಮಾತ್ರೆ ತಗೊಳ್ಳೋಣ.”

“ನಾನು ಗುಂಡುಕಲ್ಲಿನ ಹಾಗಿದ್ದೀನಿ ಕಣಕ್ಕ,” ಎಂದ. ಅವನ ಕಣ್ಣು ಹಳದಿಗಟ್ಟಿತ್ತು.

ಅವಳೊಬ್ಬಳೇ ಮತ್ತೆ ಚಿಕಿತ್ಸೆ ಶುರುಮಾಡಿದಳು. ಆರನೇ ವಾರ ತಮ್ಮ ರಕ್ತ ಕಾರಿಕೊಂಡು ತೀರಿಹೋದ. ಮಣ್ಣು ಮಾಡಿ ಬಂದವಳು ಅಂದಿನ ಮಾತ್ರೆ ನುಂಗಿ ಗೋಡೆಗೆ ಮುಖ ಮಾಡಿ ಮಲಗಿದಳು.