ಎಣ್ಣೆಗೆಂಪು ಎಂಬ ಬಣ್ಣ

ಕಂಪ್ಯೂಟರ್ ಪರದೆಗೆ ಇನ್ನೂ ಹೆಚ್ಚು ಬಣ್ಣ ಬೇಕೆ ಎಂದು ಯಾರಾದರೂ ವಾದಕ್ಕಿಳಿದರೆ ನಾನು ಮೆಲ್ಲಗೆ ಜಾಗ ಖಾಲಿ ಮಾಡುತ್ತೇನೆ. ಹಿಂದೆ ಹೀಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಹಲಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ನಾನೂ ಗೆಳೆಯ ಸೆಲ್ವಂನೂ ಲಗ್ನಪತ್ರಿಕೆ, ಕ್ಯಾಲೆಂಡರು ಮಾಡುತ್ತಿದ್ದಾಗ ಈ ವಿಷಯದಲ್ಲಿ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಇನ್ನೂರೈವತ್ತಾರೇ ಬಣ್ಣ ತೋರಿಸುತ್ತಿದ್ದ ನಮ್ಮ ಪರದೆಯಲ್ಲಿ ಕ್ಯಾಲೆಂಡರಿನ ಲಕ್ಷ್ಮಿಯ ಕೆನ್ನೆ ಸುಣ್ಣ ಉದುರಿದ ಗೋಡೆಯಂತೆ ಕಾಣುತ್ತಿತ್ತು. ಮಾಲೀಕರ ತಲೆ ತಿಂದು, ಕೋಟಿಗೂ ಮೀರಿ ಬಣ್ಣ ತೋರಿಸುವ ಹೊಸ ಡಿಸ್‌ಪ್ಲೇ ಕಾರ್ಡು ಹಾಕಿಸಿದೆ. ಮನುಷ್ಯರ ಕಣ್ಣಿಗೆ ಅಷ್ಟನ್ನೆಲ್ಲ ಗುರುತಿಸುವ ಶಕ್ತಿಯೇ ಇಲ್ಲ ಎಂದರು ಮಾರಿದವರು. ಅವರು ನನ್ನ ಅಮ್ಮನನ್ನು ಕಂಡಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಒಂದೇ ಫೋಟೋ, ಅದೂ ಕಪ್ಪು ಬಿಳುಪಿನದು. ಅಪ್ಪನ ಮೈಬಣ್ಣ ತನಗೆ ಮರೆತುಹೋಗುತ್ತಿದೆ ಎಂಬ ಭಯ ಅಮ್ಮನನ್ನು ಹಿಡಿದಿತ್ತು. ಬಣ್ಣ ಹಾಕಿಕೊಡು ಎಂದಳು. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ತೀರಿಕೊಂಡವರನ್ನೆಲ್ಲ ಬೆಳ್ಳಗೆ ಮಾಡಿ, ತುಟಿಗೆ ಕೊಂಚ ಗುಲಾಬಿ ಹಚ್ಚುವುದು ವಾಡಿಕೆ. ಸೆಲ್ವಂ ಗೌರವಕ್ಕೆಂದು ಹಾಗೇ ಮಾಡಿದ. ಅಮ್ಮ ಅಂಗಡಿಗೆ ಬಂದು ಪರದೆ ನೋಡಿದಳು.

“ಯಾರಪ್ಪ ಇವರು?”

“ನಮ್ ಅಂಕಲ್ಲೇ ಆಂಟಿ!” ಎಂದ ಸೆಲ್ವಂ.

“ಅವರು ಎಣ್ಣೆಗೆಂಪು ಕಣಪ್ಪ. ಕೋಟಿ ಬಣ್ಣ ಇದೆ ಅಂತೀರಾ, ಅದೊಂದು ಇಲ್ವಾ?”

ಕಪ್ಪಿನೊಳಗಿಂದ ಕೆಂಪು ಹೊಳೆಯುವ ಆ ಮೈಬಣ್ಣಕ್ಕೆ ಸೆಲ್ವಂನ ತಮಿಳಿನಲ್ಲಿ ಒಂದು ಹೆಸರು, ಪಕ್ಕದ ಟೈಲರ್ ಸಾಬರ ಉರ್ದುವಿನಲ್ಲಿ ಇನ್ನೊಂದು. ಕಂಪ್ಯೂಟರಿನಲ್ಲಿ ಬರೀ ನಂಬರು. ಆ ಮಧ್ಯಾಹ್ನವೆಲ್ಲ ಅಮ್ಮ ನನ್ನ ಪಕ್ಕದಲ್ಲಿ ಕೂತು, ಸಾರಿಗೆ ಉಪ್ಪು ನೋಡುವ ಹಾಗೆ, “ಇನ್ನೊಂಚೂರು, ಇನ್ನೊಂಚೂರು” ಎನ್ನುತ್ತ ಬಣ್ಣದ ಹದ ಹಿಡಿಸಿದಳು. ಒಮ್ಮೆ ಥಟ್ಟನೆ ನನ್ನ ಕೈ ಹಿಡಿದುಕೊಂಡಳು. “ಇದೇ. ಸಾಕು.” ಅವಳ ಕಣ್ಣು ತುಂಬಿತ್ತು. ನಾನು ಫೈಲನ್ನು ಸೇವ್ ಮಾಡಿದೆ.

ಆದರೆ ಆ ಬಣ್ಣ ಕಾಗದಕ್ಕೆ ಇಳಿಯಲಿಲ್ಲ. ಎಷ್ಟು ಪ್ರಿಂಟ್ ತೆಗೆದರೂ ಅಪ್ಪ ಜ್ವರದಿಂದ ಎದ್ದವರಂತೆ ಕಂಡರು. ಹೀಗಾಗಿ ಅಮ್ಮ ಶಿವಾಜಿನಗರದ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಅಂಗಡಿಗೂ ಬಂದು, ಪರದೆಯಲ್ಲಿ ಅವರನ್ನು ನೋಡಿಕೊಂಡು ಹೋಗುತ್ತಿದ್ದಳು.

ಕೆಲವು ವರ್ಷ ಕಳೆದು ಮಾಲೀಕರು ತೆಳ್ಳನೆಯ ಹೊಸ ಮಾನಿಟರ್ ತಂದರು. ಫೈಲು ಅದೇ, ಬಣ್ಣಗಳ ಲೆಕ್ಕವೂ ಅಷ್ಟೇ. ಅಮ್ಮ ನೋಡಿ, “ಇವರಲ್ಲ” ಎಂದಳು. ಎಷ್ಟು ತಿದ್ದಿದರೂ ಒಪ್ಪಲಿಲ್ಲ. ಆಮೇಲೆ ನನಗೆ ಹೊಳೆಯಿತು. ಹಳೆಯ ಮಾನಿಟರಿನ ಪಿಕ್ಚರ್ ಟ್ಯೂಬ್ ಮೊದಲೇ ಸವೆದಿತ್ತು. ಎಲ್ಲವನ್ನೂ ಕೊಂಚ ಕೆಂಪಗೆ, ಕೊಂಚ ಕಪ್ಪಗೆ ತೋರಿಸುತ್ತಿತ್ತು. ಅಪ್ಪನನ್ನು ಅಪ್ಪನಾಗಿಸಿದ್ದು ಅದರ ಮುಪ್ಪು.

ಗುಜರಿಗೆ ಹೊರಟಿದ್ದ ಆ ಮಾನಿಟರನ್ನು ಹಳೆಯ ಕಂಪ್ಯೂಟರಿನ ಸಮೇತ ಕೇಳಿ ಪಡೆದು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೆ.ಆರ್. ಪುರದ ಮನೆಗೆ ತಂದೆ. ಈಗ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಅದನ್ನು ಹಾಕುತ್ತಾಳೆ. ಟ್ಯೂಬ್ ಬಿಸಿಯಾಗುವವರೆಗೆ ಅಪ್ಪನ ಮುಖ ಮಂಕಾಗಿ, ಬೂದಿ ಬಣ್ಣದಲ್ಲಿರುತ್ತದೆ. ಮೊನ್ನೆ ಊಟಕ್ಕೆ ಕರೆದೆ. ಅಮ್ಮ ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು:

“ನೀನು ಕೂತ್ಕೋ. ಅವರಿನ್ನೂ ಬಂದಿಲ್ಲ.”