ಕುರ್ಚಿ ಇಲ್ಲದ ಸಲಹಾ ಸಮಿತಿ

ನನ್ನ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಆ ಸಮಿತಿಯ ಸದಸ್ಯೆಯಾದೆ. ಮಗಳ ಡೈರಿಯಲ್ಲಿ ನಾನು ಯಾವಾಗಲೋ ಬರೆದು ಕಳಿಸಿದ್ದ ಎರಡು ಸಾಲನ್ನು ಚನ್ನಗಿರಿ ಶಾಲೆಯ ಹೆಡ್‌ಮಿಸ್ಸು ಸ್ಟಾಫ್‌ರೂಮಿನಲ್ಲೆಲ್ಲ ತೋರಿಸಿ, ಆಮೇಲೆ ಮಂಡಳಿಗೂ ಕಳಿಸಿದ್ದರಂತೆ. ಕಾನ್ವೆಂಟಿನ ಸಿಸ್ಟರುಗಳು ಬೆರಳ ಗೆಣ್ಣಿನ ಮೇಲೆ ಸ್ಕೇಲು ಬಡಿದು ಕಲಿಸಿದ ಅಕ್ಷರ. ಅದನ್ನು ಮೆಚ್ಚುವವರು ಇಷ್ಟು ವರ್ಷದ ಮೇಲೆ ಸಿಕ್ಕರಲ್ಲ ಎಂದು ನಾನು ಹಿಗ್ಗಿದೆ. ಆ ಎರಡು ಸಾಲಿನಲ್ಲಿ ಏನು ಬರೆದಿದ್ದೆ ಎಂಬುದು ಆಗ ನೆನಪಾಗಲೂ ಇಲ್ಲ.

ನಮ್ಮ ಶಾಲೆ ನಡೆಸುವ ಆಡಳಿತ ಮಂಡಳಿಗೆ ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ಒಂದೊಂದು ಶಾಲೆ ಇದೆ. ಮಂಡಳಿಗೂ ಮೇಷ್ಟ್ರುಗಳಿಗೂ ನಡುವೆ ಮಾತೇ ಇಲ್ಲ ಎಂಬ ದೂರು ಬಂದದ್ದರಿಂದ ಮಂಡಳಿಯ ಕಾರ್ಯದರ್ಶಿಗಳು 'ಶಿಕ್ಷಕರು ಹಾಗೂ ಆಡಳಿತ ಮಂಡಳಿಯ ನಡುವಣ ಸಂವಹನ ಸಲಹಾ ಸಮಿತಿ' ಎಂದು ಒಂದನ್ನು ಮಾಡಿದರು. ಹೆಸರು ಎಷ್ಟು ಉದ್ದವೆಂದರೆ ಬ್ಯಾನರಿನಲ್ಲಿ 'ಸಮಿತಿ' ಎಂಬ ಮಾತು ಹಿಡಿಸದೆ ಕೆಳಗಿನ ಮೂಲೆಯಲ್ಲಿ ಒಂಟಿಯಾಗಿ ಕೂತಿತ್ತು. ನಾಲ್ಕು ಶಾಲೆಯಿಂದ ಒಬ್ಬೊಬ್ಬ ಶಿಕ್ಷಕರು, ಮಂಡಳಿಯಿಂದ ಕಾರ್ಯದರ್ಶಿಗಳು, ಪೋಷಕರ ಕಡೆಯಿಂದ ನಾನು. ಸಭೆಯ ನೋಟಿಸು ಬರೆಯುವುದು, ನಡೆದದ್ದನ್ನು ನಡಾವಳಿ ಪುಸ್ತಕಕ್ಕೆ ಇಳಿಸುವುದು ನನ್ನ ಪಾಲಿಗೆ ಬಂತು. ವಾಟ್ಸಾಪ್ ಗ್ರೂಪನ್ನೂ ಮಾಡಿದರು. ಅದರಲ್ಲಿ ಕಾರ್ಯದರ್ಶಿಗಳೊಬ್ಬರೇ ಬರೆಯಬಹುದಾಗಿತ್ತು. ಉಳಿದವರು ಓದಬಹುದಾಗಿತ್ತು.

"ಸಂವಹನ ಚೆನ್ನಾಗೈತೆ ಬಿಡು," ಎಂದರು ನಮ್ಮ ಮನೆಯವರು, ತಮ್ಮ ಮೆಡಿಕಲ್ ಶಾಪಿಗೆ ಹೊರಟವರು ಚಪ್ಪಲಿ ಮೆಟ್ಟುತ್ತಾ. "ನಮ್ಮನೆಗೂ ಅಂಥದೊಂದು ಗ್ರೂಪ್ ಮಾಡು. ನೀನೇ ಅಡ್ಮಿನ್ನು."

"ಈಗೇನು ಬೇರೆ ಥರ ನಡೀತಿದೆಯಾ?" ಎಂದೆ.

ಮೊದಲ ಸಭೆ ಚನ್ನಗಿರಿ ಶಾಲೆಯ ಆಫೀಸಿನಲ್ಲಿ. ಕಾರ್ಯದರ್ಶಿಗಳು ಒಳ್ಳೆಯವರೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೆ ಕೂತರೆ ಒಂದು ಗಂಟೆ. ಸಂವಹನ ಎಂದರೇನು, ಅದು ಯಾಕೆ ಬೇಕು, ಅದಿಲ್ಲದೆ ಎಷ್ಟೆಷ್ಟು ಸಂಸಾರಗಳು ಹಾಳಾದವು ಎಂದು ಮೆತ್ತನೆಯ ಕುರ್ಚಿಯಲ್ಲಿ ಒರಗಿಕೊಂಡು ಹೇಳಿದರು. ಆಮೇಲೆ ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಕೇಳಿದರು, "ನಿಮ್ಮ ಶಾಲೆ ಹೆಂಗೈತ್ರಿ?" ಶಿಕ್ಷಕರು ಒಬ್ಬೊಬ್ಬರಾಗಿ ಎದ್ದು ನಿಂತು "ಎಲ್ಲಾ ಆರಾಮೈತ್ರಿ ಸಾರ್" ಎಂದು ಕೂತರು. ಕೊನೆಗೆ ನಾನು 'ಇತರೆ ವಿಷಯಗಳು' ಎಂದು ಓದಿದೆ. ಸರಿಯಾಗಿ ಆ ಹೊತ್ತಿಗೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳು ಒಳಗೆ ಬಂದವು. ಎಣ್ಣೆಯಿಂದ ಆಗಷ್ಟೇ ಎದ್ದ ಬಜ್ಜಿ ಬಾಯಲ್ಲಿಟ್ಟುಕೊಂಡು ಯಾರು ತಾನೇ ಇತರೆ ವಿಷಯ ಮಾತಾಡಿಯಾರು?

ನಾನು ಸುಳ್ಳು ಬರೆಯಬಾರದೆಂದು ಕಲಿತವಳು. 'ಯಾರೂ ಏನೂ ಹೇಳಲಿಲ್ಲ' ಎಂದು ದುಂಡಗೆ ಬರೆದೆ. ಕಾರ್ಯದರ್ಶಿಗಳು ಓದಿ, ನಕ್ಕು, ಅದನ್ನು ಹೊಡೆದುಹಾಕಿ 'ಸುದೀರ್ಘ ಚರ್ಚೆ ನಡೆಯಿತು' ಎಂದು ತಿದ್ದಿದರು. ಅವರ ಅಕ್ಷರ ಇರುವೆ ಹರಿದ ಹಾಗಿತ್ತು.

ಎರಡನೇ ಸಭೆ ಹೊನ್ನಾಳಿಯಲ್ಲಿ. ಅಲ್ಲಿ ನನ್ನ ಪಕ್ಕ ಕೂತವರು ಆ ಶಾಲೆಯ ಕನ್ನಡದ ಮೇಡಂ. ಐವತ್ತೇಳರ ಹೆಂಗಸು, ನಿವೃತ್ತಿಗೆ ಮೂರು ವರ್ಷ. ಏಳುವಾಗೊಮ್ಮೆ ಕೂರುವಾಗೊಮ್ಮೆ ಅವರ ಮೊಣಕಾಲು ಕಟಕ್ಕೆನ್ನುತ್ತಿತ್ತು. ನಮ್ಮ ಮನೆಯವರ ಅಂಗಡಿಯ ವಿಷಯ ತಿಳಿದದ್ದೇ "ತಂಗೀ, ಮಂಡಿ ನೋವಿಗೆ ವಾಸ್ನೆ ಇಲ್ಲದ್ದು ಯಾವ್ದಾದ್ರೂ ಮುಲಾಮು ಐತೇನು? ನಾನು ಹಚ್ಚಿಕೊಂಡು ಹೋದ್ರೆ ಹುಡುಗ್ರು ಮೂಗು ಮುಚ್ಚಿಕೊಂಡು ಪದ್ಯ ಹೇಳ್ತಾವೆ" ಎಂದರು. ಹೀಗೆ ಗುರುತಾಯಿತು.

ಜೂನಿನಲ್ಲಿ ಶಾಲೆ ಶುರುವಾದಾಗ ಮಂಡಳಿಯಿಂದ ಒಂದು ಸುತ್ತೋಲೆ ಬಂದಿತ್ತು. ಅದರ ನಾಲ್ಕನೇ ಅಂಶ: 'ತರಗತಿ ಕೊಠಡಿಗಳಲ್ಲಿ ಇನ್ನು ಮುಂದೆ ಕುರ್ಚಿ ಇರತಕ್ಕದ್ದಲ್ಲ.' ಮೇಷ್ಟ್ರು ನಿಂತೇ ಪಾಠ ಮಾಡಿದರೆ ಪಾಠ ಚುರುಕಾಗುತ್ತದೆ ಎಂದು. ನಾಲ್ಕೂ ಊರಿನಲ್ಲಿ ಕುರ್ಚಿಗಳು ಗೋಡೌನು ಸೇರಿದವು. ಮೇಡಂಗೆ ದಿನಕ್ಕೆ ಆರು ಪೀರಿಯಡ್ಡು.

ಮೂರನೇ ಸಭೆಗೆ ನಾನೂ ಅವರೂ ಹೊನ್ನಾಳಿಯಿಂದ ನ್ಯಾಮತಿಗೆ ಒಂದೇ ಬಸ್ಸಿನಲ್ಲಿ ಹೋದೆವು. ಬಸ್ಸು ತುಂಬಿತ್ತು. ಕಾಲೇಜಿನ ಹುಡುಗಿಯೊಬ್ಬಳು ಮೇಡಂ ಕಂಬಿ ಹಿಡಿದ ರೀತಿ ನೋಡಿ ಎದ್ದು ಜಾಗ ಬಿಟ್ಟಳು.

"ನೋಡು ತಂಗೀ, ಬಸ್ಸಿನಾಗೆ ಗುರುತಿಲ್ಲದ ಹುಡುಗಿ ನಂಗೆ ಸೀಟು ಬಿಡ್ತಾಳೆ. ಮೂವತ್ತು ವರ್ಷ ಪಾಠ ಮಾಡಿದ ಕ್ಲಾಸಿನಾಗೆ ನಂಗೊಂದು ಕುರ್ಚಿ ಇಲ್ಲ," ಎಂದು ಚೀಲದಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ಅರ್ಧ ಹೊರಗೆಳೆದು ತೋರಿಸಿದರು. ರಾಜೀನಾಮೆ. "ದಸರಾ ರಜಕ್ಕೆ ಮುಂಚೆ ಕೊಟ್ಟುಬಿಡ್ತೀನಿ. ಕೊಡಾಕೆ ಮನಸ್ಸಿಲ್ಲ. ಆದ್ರೆ ಮಂಡಿ ಕೇಳ್ತಿಲ್ಲ."

"ಸಭೆಲಿ ಹೇಳ್ರಿ ಅಕ್ಕಾ."

"ಹೇಳ್ತೀನಿ. ಇವತ್ತು ಹೇಳೇ ಹೇಳ್ತೀನಿ."

ನ್ಯಾಮತಿಯ ಸಭೆಯಲ್ಲಿ 'ಇತರೆ ವಿಷಯಗಳು' ಎಂದೆ. ಮೇಡಂ ಗಂಟಲು ಸರಿಮಾಡಿಕೊಂಡರು. ಬಜ್ಜಿ ಬಂತು. ಮುಂದೆ ಬಂದದ್ದನ್ನು ಬೇಡವೆನ್ನಬಾರದೆಂದು ಮೇಡಂ ಒಂದು ಕಚ್ಚಿದರು.

"ಹೊನ್ನಾಳಿ ಮೇಡಂ, ಏನೋ ಹೇಳಾಕೆ ಹೊಂಟಂಗಿತ್ತಲ್ರಿ?" ಎಂದರು ಕಾರ್ಯದರ್ಶಿಗಳು.

ಮೇಡಂ ಕಣ್ಣಲ್ಲಿ ನೀರು. "ಮೆಣಸಿನಕಾಯಿ ಭಾಳ ಖಾರ ಐತ್ರಿ ಸಾರ್."

ನಾನು ಹಾಗೆಯೇ ಬರೆದೆ. ಕಾರ್ಯದರ್ಶಿಗಳು ಅದನ್ನು ಹೊಡೆದು 'ಹೊನ್ನಾಳಿ ಶಾಲೆಯ ಪ್ರತಿನಿಧಿಗಳು ತಮ್ಮ ಅನಿಸಿಕೆ ಹಂಚಿಕೊಂಡರು' ಎಂದು ತಿದ್ದಿದರು.

ನಾಲ್ಕನೇ ಸಭೆ ಜಗಳೂರಿನಲ್ಲಿ, ದಸರಾ ರಜೆಗೆ ಮೂರು ದಿನ ಮುಂಚಿನ ಶನಿವಾರ ಮಧ್ಯಾಹ್ನ. ಅಲ್ಲಿನ ಆಫೀಸಿಗೆ ಸುಣ್ಣ ಬಳಿಯುತ್ತಿದ್ದರು. ಸಭೆ ಎಲ್ಲಿ ಇಡೋಣ ಎಂದು ಹೆಡ್‌ಮಾಸ್ಟರು ಫೋನು ಮಾಡಿದಾಗ ಲೈಬ್ರರಿ ಇದೆ ಎಂದೂ ಹೇಳಿದ್ದರು. ನನಗೆ ಆಗ ನಮ್ಮ ಕಾನ್ವೆಂಟ್ ಹಾಸ್ಟೆಲಿನ ದೊಡ್ಡ ಸಿಸ್ಟರ್ ನೆನಪಾದರು. ಊಟದ ಕೋಣೆಯ ಕಿಟಕಿ ಒರೆಸುವ ಪಾಳಿ ನಾವು ತಪ್ಪಿಸಿದರೆ ಅವರು ಬೈಯುತ್ತಿರಲಿಲ್ಲ. ಸಂಜೆಯ ಪ್ರಾರ್ಥನೆಗೆ ಆ ಕಿಟಕಿಗೇ ಮುಖಮಾಡಿ ನಿಲ್ಲಿಸುತ್ತಿದ್ದರು, ಅಷ್ಟೇ. ಜೇಡರ ಬಲೆ ಎಣಿಸುತ್ತಾ ಪ್ರಾರ್ಥನೆ ಮಾಡಿದ ಮೇಲೆ ನಾವೇ ಬಟ್ಟೆ ಹುಡುಕುತ್ತಿದ್ದೆವು. ನೋಟಿಸಿನಲ್ಲಿ 'ಸ್ಥಳ: ಏಳನೇ ತರಗತಿ ಕೊಠಡಿ' ಎಂದು ಬರೆದೆ. ಕೈತಪ್ಪಿ ಬರೆದೆ ಎಂದು ಬೇರೆಯವರಿಗೆ ಹೇಳಬಹುದು, ಇಲ್ಲಿ ಹೇಳಲಾರೆ.

ಅಲ್ಲಿನ ಅಟೆಂಡರು ಹಿರಿಯರು, ಕುರ್ಚಿಗಳನ್ನು ಗೋಡೌನಿಗೆ ಹೊತ್ತವರು ಅವರೇ. ಹಿಂದಿನ ದಿನ ಫೋನು ಮಾಡಿದರು.

"ಅಮ್ಮಾರೆ, ಸಾಹೇಬ್ರಿಗೆ ಆಫೀಸಿಂದ ಒಂದು ಕುರ್ಚಿ ತಂದು ಹಾಕ್ಲೇನ್ರಿ?"

"ಸುತ್ತೋಲೆಲಿ ಏನು ಬರೆದಿದ್ದಾರೆ?"

"ಕ್ಲಾಸಿನಾಗೆ ಕುರ್ಚಿ ಇಡಬ್ಯಾಡ ಅಂದಾರೆ."

"ಸಭೆ ಎಲ್ಲಿ?"

ಆ ಕಡೆಯಿಂದ ಕೆಮ್ಮೋ ನಗುವೋ ತಿಳಿಯದಂಥ ಸದ್ದು ಬಂತು. "ಹಂಗಾರೆ ಬ್ಯಾಡ ಬಿಡ್ರಿ. ಈ ವಯಸ್ಸಿನಾಗೆ ನಂಗ್ಯಾಕೆ ಮೆಮೋ."

"ಮತ್ತೆ ಬಜ್ಜಿ... ಸಭೆ ಪೂರಾ ಮುಗಿದ ಮೇಲೆ ತನ್ನಿ. ನಾನು ಹೇಳುವ ತನಕ ಬೇಡ."

"ಅದಕ್ಕೂ ಸುತ್ತೋಲೆ ಐತೇನ್ರಿ?"

"ಇಲ್ಲ. ಅದು ನನ್ನದು."

ಶನಿವಾರ ಕಾರ್ಯದರ್ಶಿಗಳು ಒಳಗೆ ಬಂದು ಸುತ್ತ ನೋಡಿದರು. ಶಿಕ್ಷಕರು ನಾಲ್ವರೂ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಿಚಿಕೊಂಡು ಕೂತಿದ್ದರು. ಬೋರ್ಡಿನ ಮೇಲೆ ಯಾವುದೋ ಹುಡುಗಿ ಬಣ್ಣದ ಚಾಕಿನಲ್ಲಿ 'ಸುಸ್ವಾಗತ' ಬರೆದಿದ್ದಳು. ಬೋರ್ಡಿನ ಮುಂದೆ ಬರಿ ನೆಲ.

"ಕುರ್ಚಿ ಎಲ್ಲಪ್ಪಾ?"

ಅಟೆಂಡರು ಕೈಕಟ್ಟಿ ನಿಂತರು. "ತಾವು ಅಪ್ಪಣೆ ಕೊಟ್ರೆ ಆಫೀಸಿಂದ ತರ್ತೀನ್ರಿ. ಸುತ್ತೋಲೆ ನಾಲ್ಕನೇ ನಂಬರ್ ಮೀರಿದಂಗೆ ಆಗ್ತೈತೆ, ಅಷ್ಟೆ."

ನಾಲ್ಕು ಜೊತೆ ಕಣ್ಣು ತಮ್ಮ ಮೇಲೆ ಇರುವಾಗ ತಮ್ಮದೇ ಸಹಿಯ ಸುತ್ತೋಲೆಯನ್ನು ಮುರಿಯುವುದು ಹೇಗೆ? ಬೆಂಚಿನಲ್ಲಿ ಮೇಷ್ಟ್ರುಗಳ ಪಕ್ಕ ಹೋಗಿ ಕೂರುವುದಾದರೂ ಹೇಗೆ? "ಬ್ಯಾಡ ಬ್ಯಾಡ. ನಿಂತೇ ಮಾತಾಡಿದ್ರಾಯ್ತು," ಎಂದು ಬೋರ್ಡಿನ ಮುಂದೆ ನಿಂತರು.

ಒಂದು ಗಂಟೆಯ ಭಾಷಣ ಆವತ್ತು ಅರ್ಧ ಗಂಟೆಗೇ ಬಡವಾಯಿತು. ಮೊದಲು ಎಡಗಾಲು, ಆಮೇಲೆ ಬಲಗಾಲು. ಹಾಳಾದ ಸಂಸಾರಗಳ ಹತ್ತಿರ ಬರುವಷ್ಟರಲ್ಲಿ ಬೋರ್ಡಿಗೇ ಒರಗಿದರು. ತಿರುಗಿದಾಗ ಬಿಳಿ ಅಂಗಿಯ ಬೆನ್ನಿನ ಮೇಲೆ ಗುಲಾಬಿ ಬಣ್ಣದ 'ಸು' ತಿರುಗುಮುರುಗಾಗಿ ಮೂಡಿತ್ತು. ಹಿಂದಿನ ಬೆಂಚಿನಿಂದ ಜಗಳೂರಿನ ಗಣಿತದ ಮೇಷ್ಟ್ರು ಸಣ್ಣಗೆ ಸೀನಿದಂತೆ ಮಾಡಿದರು. ಈ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಮಂಡಳಿಯನ್ನೆಲ್ಲ ನಗೆಗೀಡು ಮಾಡಿ, ಸಭೆಯಲ್ಲಿ ಮಾತ್ರ ಬಾಯಿಗೆ ಬೀಗ ಹಾಕುವವರು.

"ಇತರೆ ವಿಷಯಗಳು," ಎಂದು ಓದಿದೆ.

ಕಾರ್ಯದರ್ಶಿಗಳು ಬಾಗಿಲ ಕಡೆ ನೋಡಿದರು. ಎಲ್ಲರೂ ನೋಡಿದರು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ.

ಮೇಡಂ ಏಳಲು ಹೋದರು. ಮಂಡಿ ಕಟಕ್ಕೆಂದಿತು. ಮತ್ತೆ ಕೂತರು. ಕೂತೇ ಕೇಳಿದರು, "ಸಾರ್, ಕಾಲು ನೋಯ್ತಾವಲ್ರಿ?"

"ಇಲ್ಲ ಇಲ್ಲ, ಏನಿಲ್ಲ ಮೇಡಂ."

"ನೋಯ್ತಾವ್ರಿ. ನೀವು ಭಾರ ಆ ಕಡಿಂದ ಈ ಕಡೆ ಬದಲಿಸಿದ್ದು ನೋಡಿದೆ. ಮೊದಲ್ನೇ ಪೀರಿಯಡ್ಡಿಗೆ ಹಿಂಗೇ ಇರ್ತೈತೆ. ಆರನೇದಕ್ಕೆ ಬ್ಯಾರೆ."

"ಸಾಹೇಬ್ರದ್ದು ಮೊದಲ್ನೇ ಪೀರಿಯಡ್ಡೂ ಮುಗಿದಿಲ್ಲ ಮೇಡಂ," ಬೀಗ ಕಳಚಿತ್ತು ಗಣಿತದ ಮೇಷ್ಟ್ರದು. "ಇನ್ನೂ ಎಂಟು ನಿಮಿಷ ಐತೆ."

ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ಕೊನೆಗೆ ನಕ್ಕರು, ಆದರೆ ನಕ್ಕರು. ಮುಂದಿನ ಬೆಂಚಿಗೆ ಬಂದು "ಸ್ವಲ್ಪ ಜರುಗ್ರಿ ಮೇಡಂ" ಎಂದು ಅವರ ಪಕ್ಕವೇ ತೂರಿಕೊಂಡರು. ಮೊಣಕಾಲು ಡೆಸ್ಕಿಗೆ ಬಡಿಯಿತು.

ಆಮೇಲಿನ ಮುಕ್ಕಾಲು ಗಂಟೆ ನನ್ನ ಪೆನ್ನಿಗೆ ಬಿಡುವಿರಲಿಲ್ಲ. ಮೇಡಂ ಆರು ಪೀರಿಯಡ್ಡಿನ ಕಥೆ ಹೇಳಿದರು. ಚೀಲದಲ್ಲಿನ ಕಾಗದದ ವಿಷಯವನ್ನೂ ಹೇಳಿಯೇಬಿಟ್ಟರು. ಕಾರ್ಯದರ್ಶಿಗಳ ಮುಖ ಸಣ್ಣಗಾಯಿತು.

"ನಾನೇನು ಸುಮ್ನೆ ತೆಗೆಸಿದ್ದಲ್ಲ ಮೇಡಂ. ಹೋದ ವರ್ಷ ಒಬ್ರು ಮಿಸ್ಸು ಕ್ಲಾಸಿನಾಗೆ ಕುರ್ಚಿ ಮೇಲೆ ಕೂತು ಮೊಬೈಲ್ ನೋಡ್ತಿದ್ರು ಅಂತ ದೂರು ಬಂದಿತ್ತು."

"ಹಂಗಾರೆ ಅವ್ರ ಮೊಬೈಲ್ ತಗಳ್ಳೋದಲ್ಲೇನ್ರಿ? ನಾಲ್ಕೂ ಊರಿನ ಕುರ್ಚಿ ಯಾಕೆ ತಗಂಡ್ರಿ?"

ಕಾರ್ಯದರ್ಶಿಗಳು ಡೆಸ್ಕಿಗೆ ಬಡಿದ ಮೊಣಕಾಲು ಉಜ್ಜಿಕೊಂಡರು. "ಯಾರೋ ಚನ್ನಗಿರಿ ಕಡೆ ಪೋಷಕರು ಮಗಳ ಡೈರಿಯಾಗೆ ಬರೆದಿದ್ರು," ಎಂದರು. "ಎರಡೇ ಸಾಲು. ಆದ್ರೆ ಅಕ್ಷರ ಅಂದ್ರೆ ಅಕ್ಷರ, ಮುತ್ತು ಪೋಣಿಸಿದಂಗಿತ್ತು. ಅಂಥೋರು ಸುಳ್ಳು ಬರೀತಾರಾ ಅಂತ..."

ನನ್ನ ಪೆನ್ನು ನಿಂತಿತು. ಆಗ ಆ ಎರಡು ಸಾಲು ಅಲ್ಪವಿರಾಮದ ಸಮೇತ ನೆನಪಾದವು. ಸೆರಗಿನಿಂದ ಮುಖ ಒರೆಸಿಕೊಂಡು ಅಟೆಂಡರಿಗೆ "ಈಗ ಬಜ್ಜಿ ತನ್ನಿ" ಎಂದು ಕೂಗಿ ಹೇಳಿದೆ. ಈ ಸಲ ಎಲ್ಲರಿಗಿಂತ ಮೊದಲು ಬಾಯಿ ತುಂಬಿಸಿಕೊಂಡವಳು ನಾನೇ.

ಆ ದಿನದ ನಡಾವಳಿಯಲ್ಲಿ ಕಾರ್ಯದರ್ಶಿಗಳು ಒಂದಕ್ಷರವನ್ನೂ ತಿದ್ದಲಿಲ್ಲ. ರಜೆಗೆ ಮೊದಲೇ ಕುರ್ಚಿಗಳನ್ನು ವಾಪಸು ಇಡಿಸುತ್ತೇನೆ ಎಂದರು.

ವಾಪಸು ಬರುವಾಗ ದಾವಣಗೆರೆ ಬಸ್ಸಿನಲ್ಲಿ ಮೇಡಂ ಪಕ್ಕ ಕೂತು ಹದಿನೈದು ನಿಮಿಷ ಕಿಟಕಿಯಾಚೆ ನೋಡಿದೆ. ಹೊಲಗಳಲ್ಲಿ ಮೆಕ್ಕೆಜೋಳದ ತೆನೆ ಒಣಗುತ್ತಿತ್ತು. ತಡೆಯದೆ ಹೇಳಿಬಿಟ್ಟೆ. "ಅಕ್ಕಾ, ಆ ಡೈರಿ ನನ್ನ ಮಗಳದ್ದು."

ಮೇಡಂ ನನ್ನನ್ನು ಒಂದು ಗಳಿಗೆ ನೋಡಿ, ಕಂಡಕ್ಟರು ತಿರುಗುವಷ್ಟು ಜೋರಾಗಿ ನಕ್ಕರು. "ಹಂಗಾರೆ ನೀನೇ ಏನೇ ನನ್ನ ಕುರ್ಚಿ ಕದ್ದೋಳು! ಮುಲಾಮು ಮಾರಾಕೆ ಗಂಡ ಹೆಂಡ್ತಿ ಸೇರಿ ಮಾಡಿದ ಉಪಾಯ ಇರ್ಬೇಕು ಇದು."

"ಅಯ್ಯೋ, ಇಲ್ಲಕ್ಕಾ!"

"ಇರ್ಲಿ ಬಿಡು. ಕದ್ದೋಳೇ ತಂದುಕೊಟ್ಟಳಲ್ಲ."

ರಜೆಯ ಹಿಂದಿನ ದಿನ ಕಾರ್ಯದರ್ಶಿಗಳು ಗ್ರೂಪಿನಲ್ಲಿ ಫೋಟೋ ಹಾಕಿದರು: ಹೊನ್ನಾಳಿಯ ತರಗತಿಯಲ್ಲಿ ಕುರ್ಚಿ, ಪಕ್ಕದಲ್ಲಿ ಮೇಡಂ. ಕುರ್ಚಿಯ ಬೆನ್ನಿಗೆ ಕೆಂಪು ಪೇಂಟಿನಲ್ಲಿ ಸಮಿತಿಯ ಉದ್ದ ಹೆಸರು ಪೂರ್ತಿ ಬರೆಸಿದ್ದರು. ಇಲ್ಲೂ 'ಸಮಿತಿ' ಹಿಡಿಸದೆ ಕುರ್ಚಿಯ ಒಂದು ಕೈಯ ಮೇಲೆ ಇಳಿದಿತ್ತು.

ರಜೆ ಮುಗಿದ ಮೇಲಿನ ಸಭೆಯಲ್ಲಿ ಮೇಡಂ ನನಗೊಂದು ಪೊಟ್ಟಣ ಕೊಟ್ಟರು. ಮನೆಗೆ ಬಂದು ದಾರ ಬಿಚ್ಚಿದೆ. ಶೇಂಗಾ ಚಟ್ನಿಪುಡಿ, ಬೆಳ್ಳುಳ್ಳಿ ಸ್ವಲ್ಪ ಮುಂದಾಗಿದ್ದದ್ದು. ಸುತ್ತಿದ ಕಾಗದಕ್ಕೆ ನಾಲ್ಕು ಮಡಿಕೆಯ ಗುರುತಿತ್ತು. ಪುಡಿಯನ್ನು ಡಬ್ಬಿಗೆ ಹಾಕಿ ಕಾಗದ ಬಿಡಿಸಿದರೆ 'ಮಾನ್ಯರೇ, ವೈಯಕ್ತಿಕ ಕಾರಣಗಳಿಂದ' ಎಂದು ಶುರುವಾಗಿತ್ತು. ಸಹಿಯ ಜಾಗದಲ್ಲಿ ಎಣ್ಣೆ ಅಂಗೈಯಗಲ ಹರಡಿತ್ತು.

ಎಸೆಯುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಪ್ಪಿಕೊಳ್ಳಬೇಕು, ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು.