ಮೊದಲು ಚಲೋ ಕೈ

ಆಳಂದದ ಮಿಡಲ್ ಸ್ಕೂಲಿಗೆ ಸೇರಿದ ದಿನ, ರಿಜಿಸ್ಟರ್ ಮುಂದಿಟ್ಟುಕೊಂಡು ಕುಳಿತಿದ್ದ ಲೆಕ್ಕದ ಮಾಸ್ತರರು "ನಿಮ್ಮಪ್ಪ ಏನ್ ಮಾಡ್ತಾನ?" ಎಂದು ಕೇಳಿದರು. "ಒಕ್ಕಲತನರಿ" ಎಂದೆ. ಸುಳ್ಳು. ನಮಗೆ ಗೇಣು ಹೊಲವೂ ಇರಲಿಲ್ಲ. ಅಪ್ಪ ಮುರಿದ ಎಲುಬು ಕೂಡಿಸುವವನು. ಅಫಜಲಪುರ ತಾಲೂಕಿನ ನಮ್ಮೂರಿಗೆ ಭೀಮಾ ಹೊಳೆ ದಾಟಿ ನೆಲೋಗಿ, ಅಂದೋಲಾ ಕಡೆಯವರೂ ಮುರಿದ ಕೈಕಾಲು ತರುತ್ತಿದ್ದರು. ಕೈ ನೆಟ್ಟಗಾದ ಮೇಲೆ ಅದೇ ಜನ ಸಂತೆಯಲ್ಲಿ ಎದುರಾದರೆ "ಎಲುಬಿನವ್ರು ಬಂದ್ರು, ದೂರ ಸರೀರಿ" ಎಂದು ನಗುತ್ತಿದ್ದರು. ಹೊಸ ಊರಿನಲ್ಲಿ ನನಗೆ ಆ ಹೆಸರು ಬೇಡವಾಗಿತ್ತು.

ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೇ ಮೊದಲಿಗ. ಮುಂದೆ ಬಿ.ಎ. ಮುಗಿಸಿದವನೂ ನಾನೇ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ, ಯಾರೂ ಬಿಟ್ಟಿ ಕೊಟ್ಟದ್ದಲ್ಲ. ಆದರೆ ಆ ಓದು ಒಂದು ಸುಳ್ಳಿನಿಂದ ಶುರುವಾಯಿತು ಎಂಬುದನ್ನೂ ಬರೆಯಬೇಕು.

ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಅಪ್ಪ ಆಗಾಗ ಜೋಳದ ಹಿಟ್ಟು ಹೊತ್ತು ತರುತ್ತಿದ್ದ. ಮೊದಲ ಸಲ ಬಂದಾಗಲೇ "ಸಾಲಿ ಕಡೆ ಬರಬ್ಯಾಡಪ್ಪಾ" ಎಂದಿದ್ದೆ. ಯಾಕೆಂದು ಕೇಳಲಿಲ್ಲ. "ಆಯ್ತು, ಬರಂಗಿಲ್ಲ" ಎಂದ, ಅಷ್ಟೇ.

ಮೂವತ್ತರ ದಶಕದ ಕೊನೆ, ನಿಜಾಮರ ರಾಜ್ಯ. ಪಾಠವೆಲ್ಲ ಉರ್ದುವಿನಲ್ಲಿ. ಬೀಜಗಣಿತದ ಪುಸ್ತಕದ ಮೇಲೆ 'ಜಬ್ರ್ ಓ ಮುಕಾಬಲಾ' ಎಂದಿತ್ತು. ಜಬ್ರ್ ಎಂದರೆ ಜುಲುಮೆ ಎಂದಷ್ಟೇ ನಮಗೆ ಗೊತ್ತು. "ಹೆಸರಿಗೆ ತಕ್ಕಂಗೇ ಅದ ಬಿಡಲೇ" ಎಂದು ನನ್ನ ಪಕ್ಕದವನು ಪುಸ್ತಕ ತೆಗೆದಾಗಲೆಲ್ಲ ಗೊಣಗುತ್ತಿದ್ದ.

ಒಂದು ಮಧ್ಯಾಹ್ನ ಲೆಕ್ಕದ ಮಾಸ್ತರರು ಶಾಲೆಯ ಬಾವಿಕಟ್ಟೆಯ ಪಾಚಿಗೆ ಜಾರಿ ಬಿದ್ದರು. ಬಲಗೈ ಮಣಿಕಟ್ಟಿನ ಮೇಲೆ ಸೊಟ್ಟಗಾಗಿತ್ತು. ಸೀಮೆಸುಣ್ಣ ಹಿಡಿಯುವ ಕೈ. ದೊಡ್ಡ ದವಾಖಾನೆ ಇದ್ದದ್ದು ಕಲಬುರ್ಗಿಯಲ್ಲಿ. ಚಪರಾಸಿ "ಎಲುಬು ಕೂಡ್ಸೋನು ಒಬ್ಬಾಂವ ಊರಾಗ ಬಂದಾನಂತ್ರಿ" ಎಂದು ಓಡಿದ. ಅವನ ಹಿಂದೆ ಬಂದವನನ್ನು ನೋಡಿದೆ. ಅಪ್ಪ! ಹಿಟ್ಟು ಕೊಡಲು ಅಂದೇ ಬಂದಿದ್ದ.

ಅಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಕಂಬ ನೋಡಿದಂತೆ ನೋಡಿ ಮುಂದೆ ಹೋಯಿತು. ನಾನು ಬಯಸಿದ್ದು ಅದೇ ಆಗಿತ್ತು, ಆದರೂ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು.

ಅಪ್ಪ ಮಾಸ್ತರರ ಎದುರು ಕುಕ್ಕರಗಾಲಲ್ಲಿ ಕುಳಿತು ಅವರ ಎಡಗೈ ಹಿಡಿದ. ಕಣ್ಣು ಮುಚ್ಚಿ ಮೊಳಕೈಯಿಂದ ಬೆರಳ ತುದಿಯವರೆಗೆ ಒತ್ತುತ್ತಾ ಹೋದ.

"ಅರೇ ಭಾಯಿ! ಮುರ್ದದ್ದು ಈ ಕೈ!" ಮಾಸ್ತರರು ಚೀರಿದರು. ಹುಡುಗರು ಕಿಸಕ್ಕನೆ ನಕ್ಕರು.

"ಗೊತ್ತದ್ರಿ ಸಾಹೇಬ್ರ. ಚಲೋ ಕೈ ಹ್ಯಾಂಗದ ಅಂತ ತಿಳೀಲಾರ್ದ ಇದನ್ನ ಹ್ಯಾಂಗ ಕೂಡಸ್ಲಿ? ಎರಡೂ ಕಡಿ ಸಮ ಬರ್ಬೇಕಲ್ರಿ."

ನರಳುತ್ತಿದ್ದ ಮಾಸ್ತರರು ಅಪ್ಪನ ಮುಖವನ್ನೇ ನೋಡತೊಡಗಿದರು.

"ಯಾರರ ಒಬ್ರು ಮೊಳಕೈ ಗಟ್ಟಿ ಹಿಡೀರಿ" ಎಂದ ಅಪ್ಪ. ತರಗತಿಯ ದಾಂಡಿಗನೊಬ್ಬ ಹಿಡಿದ. ಅಪ್ಪ ಮುರಿದ ಕೈ ಎಳೆದರೆ ಮಾಸ್ತರರೇ ಜಾರಿ ಮುಂದೆ ಬಂದರು. ಎರಡನೆಯ ಸಲವೂ ಅದೇ. ಬಾವು ಏರುತ್ತಿತ್ತು. ಬಾವು ಏರಿದರೆ ಎಲುಬು ಬೆರಳಿಗೆ ಸಿಗುವುದಿಲ್ಲ, ಕೈ ಸೊಟ್ಟಗೇ ಕೂಡುತ್ತದೆ, ಆ ಕೈ ಮತ್ತೆ ಬರೆಯಲಿಕ್ಕಿಲ್ಲ. ಅಲ್ಲಿ ಇದು ಗೊತ್ತಿದ್ದವರು ಇಬ್ಬರೇ. ಅಪ್ಪ ಆಗಲೂ ನನ್ನ ಕಡೆ ತಿರುಗಲಿಲ್ಲ. ಮಾತು ಕೊಟ್ಟಿದ್ದನಲ್ಲ.

"ಸರೀಲೇ" ಎಂದು ಆ ಹುಡುಗನನ್ನು ನೂಕಿದೆ. ಮೊಣಕಾಲನ್ನು ಮಾಸ್ತರರ ತೋಳಿನ ಕೆಳಗೆ ಕೊಟ್ಟು, ಎರಡೂ ಕೈಯಿಂದ ಮೊಳಕೈ ಅಮುಕಿ ಹಿಡಿದೆ. ನಮ್ಮ ಮನೆಯಂಗಳದಲ್ಲಿ ಎಷ್ಟೋ ಸಲ ಹಿಡಿದ ಹಿಡಿತ.

ಅಪ್ಪ ತನ್ನ ಎಂದಿನ ಪ್ರಶ್ನೆ ಕೇಳಿದ: "ಮನ್ಯಾಗ ಇವತ್ತ ಏನ್ ಅಡಗಿರಿ ಸಾಹೇಬ್ರ?"

"ಖಿಚ..."

ಉತ್ತರಕ್ಕೆ ಬಾಯಿ ತೆರೆದಾಗಲೇ ಎಳೆಯುವುದು ನಮ್ಮ ಪದ್ಧತಿ. ಎಲುಬು ಟಕ್ಕೆಂದು ಕೂತಿತು. ಖಿಚಡಿಯ 'ಡಿ' ಚೀರಾಟದಲ್ಲಿ ಹೋಯಿತು.

ಬೆವರು ಒರೆಸಿಕೊಳ್ಳುತ್ತಾ ಮಾಸ್ತರರು ನನ್ನ ಕೈ ನೋಡಿದರು. "ಒಕ್ಕಲಿಗನ ಮಗ ಇದನ್ನ ಎಲ್ಲಿ ಕಲ್ತಿ?"

ಉದ್ದಿನ ಹಿಟ್ಟಿಗೆ ತತ್ತಿಯ ಬಿಳಿ ಕಲಸಿ ಹಚ್ಚುತ್ತಿದ್ದ ಅಪ್ಪ ತಲೆ ಎತ್ತದೆ, "ಒಬ್ಬೊಬ್ಬರ ಕೈ ಹಂಗ ಇರ್ತಾವ್ರಿ" ಎಂದ.

ನನ್ನ ಸುಳ್ಳನ್ನು ಅವನು ಕಾಯುತ್ತಿದ್ದ! "ಇಂವ ನಮ್ಮಪ್ಪರಿ" ಎಂದುಬಿಟ್ಟೆ.

ಬೆತ್ತದ ಏಟಿಗೆ ಕಾದು ನಿಂತೆ. ಮಾಸ್ತರರು ಬೀಜಗಣಿತದ ಪುಸ್ತಕ ತರಿಸಿ "ಹೆಸರು ಓದು" ಎಂದರು. ಓದಿದೆ.

"ಜಬ್ರ್ ಅಂದ್ರ ಜುಲುಮ ಒಂದೇ ಅಲ್ಲ. ಅರಬ್ಬಿಯೊಳಗ ಮುರ್ದದ್ದು ಕೂಡ್ಸೋದು, ಎಲುಬು ಕೂಡ್ಸೋದು ಜಬ್ರ್. ಮುಕಾಬಲಾ ಅಂದ್ರ ಎರಡೂ ಕಡಿ ಎದುರಾಬದುರಾ ಇಟ್ಟು ಸಮ ಮಾಡೋದು. ಇಂಗ್ರೇಜಿಯವ್ರು ಅಲ್-ಜಬ್ರ್ ಅನ್ನೋದನ್ನೇ ಅಲ್ಜೀಬ್ರಾ ಅಂತಾರ. ಇಷ್ಟು ವರ್ಷ ಹಲಗಿ ಮ್ಯಾಲೆ ಕಲಿಸೀನಿ. ಇವತ್ತ ನನ್ನ ಕೈಮ್ಯಾಲೆ ನೋಡ್ದೆ."

ಯಾವ ಕೆಲಸವನ್ನು ಮುಚ್ಚಿಟ್ಟು ಪುಸ್ತಕ ಹಿಡಿದಿದ್ದೆನೋ, ಆ ಕೆಲಸವೇ ಪುಸ್ತಕದ ರಟ್ಟಿನ ಮೇಲೆ ಕೂತಿತ್ತು. ಮುಂದೆ ಹೈದರಾಬಾದಿನಲ್ಲಿ ಓದುವಾಗ, ಮಾಸ್ತರರ ಮಾತು ನಿಜವೋ ನನಗೆ ಸಮಾಧಾನ ಹೇಳಿದ್ದೋ ಎಂದು ದಪ್ಪ ಇಂಗ್ಲಿಷ್ ನಿಘಂಟಿನಲ್ಲಿ ಅಲ್ಜೀಬ್ರಾ ಪದ ಹುಡುಕಿದೆ. ಹಳೆಯ ಅರ್ಥ ಎಂದು ಬರೆದೇ ಇತ್ತು: ಮುರಿದ ಎಲುಬಿನ ಚಿಕಿತ್ಸೆ. ಸ್ಪೇನ್ ದೇಶದಲ್ಲಂತೂ ಎಲುಬು ಕೂಡಿಸುವವನನ್ನೇ ಇದೇ ಪದದಿಂದ ಹುಟ್ಟಿದ ಹೆಸರಿನಿಂದ ಕರೆಯುತ್ತಿದ್ದರಂತೆ.

ಆ ದಿನ ಮಾಸ್ತರರು ರಿಜಿಸ್ಟರನ್ನೂ ತರಿಸಿದರು. "ನನ್ನ ಕೈ ಕಟ್ಯದ. ನೀನೇ ತಿದ್ದು." ಒಕ್ಕಲತನ ಹೊಡೆದುಹಾಕಿ, ಉರ್ದುವಿನಲ್ಲಿ 'ಹಡ್ಡಿ ಜೋಡ್ನೇವಾಲಾ', ಎಲುಬು ಕೂಡಿಸುವವನು, ಎಂದು ಬರೆದೆ.

ಅಪ್ಪ ಬಿದಿರಿನ ಸೀಳು ಕಟ್ಟಿ ಮುಗಿಸಿ ಎದ್ದ. ಗೇಟಿನ ತನಕ ಜೊತೆಗೆ ಹೋದೆ. ಅರಬ್ಬಿ, ಇಂಗ್ರೇಜಿ ಯಾವುದರ ಬಗ್ಗೆಯೂ ಅವನು ಕೇಳಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈ ಒರೆಸಿಕೊಳ್ಳುತ್ತಾ, ಬೇರೆ ಕಡೆ ನೋಡಿಕೊಂಡು ಕೇಳಿದ:

"ಮುಂದಿನ ಸಲ ಹಿಟ್ಟು ಸಾಲಿಗೇ ತರ್ಲೇನು?"